ಸೋಮೇಶನಿಗೂ ಹೋಗಿದ್ದ ಮೆಸೇಜು

ಬೆಳಿಗ್ಗೆ ಮೊದಲು ಫೋನ್ ಮಾಡಿದವರು ಚಾಮರಾಜನಗರದ ಪ್ರೆಸ್ಸಿನ ಪುಟ್ಟರಾಜು. ಹರದನಹಳ್ಳಿಯ ಮನೆಯಲ್ಲೇ ಕೂತು ಬೃಂದಾ ಮದುವೆ ಕಾರ್ಡುಗಳ ಡಿಸೈನ್ ಮಾಡಿ ಕಳಿಸುತ್ತಿದ್ದುದು ಅವರಿಗೇ.

"ಏನವ್ವಾ ಬೃಂದಾ, ನನ್ನ ಮರೆಯಾಕಾಯ್ತಿಲ್ವಂತೆ? ನಮ್ಮನೆಯವ್ಳು ಓದ್ಬುಟ್ಟು ಬೆಳಗ್ಗಿಂದ ಕಾಫಿನೇ ಕೊಟ್ಟಿಲ್ಲ ಕಣವ್ವ!"

ಅವಳು ಗಾಬರಿಯಿಂದ ವಾಟ್ಸಾಪ್ ತೆರೆದಳು. ಅವಳ ನಂಬರಿನಿಂದ ಎಲ್ಲರಿಗೂ ಒಂದೇ ಮೆಸೇಜು ಹೋಗಿತ್ತು: 'ನಿಮ್ಮನ್ನು ಮರೆಯಲು ನನಗೆ ಸಾಧ್ಯವಾಗುತ್ತಿಲ್ಲ. ಈ ಫೋಟೋದಲ್ಲಿ ಇರುವುದು ನೀವೇ ತಾನೇ?' ಕೆಳಗೊಂದು ಲಿಂಕು. ಸೋದರತ್ತೆಗೆ ಹೋಗಿತ್ತು, ಗ್ಯಾಸ್ ಸಿಲಿಂಡರ್ ತರುವವನಿಗೆ ಹೋಗಿತ್ತು, ಕಾಲೇಜಿನ ಹಳೆಯ ಮೇಷ್ಟರಿಗೂ ಹೋಗಿತ್ತು.

ಹಿಂದಿನ ದಿನ ಪುಕ್ಕಟೆ ಸಿಕ್ಕಿತೆಂದು ಯಾವುದೋ ಸೈಟಿನಿಂದ ಡಿಸೈನ್ ಸಾಫ್ಟ್‌ವೇರ್ ಇಳಿಸಿಕೊಂಡಿದ್ದಳು. ಆಗಿನಿಂದಲೇ ಕಂಪ್ಯೂಟರ್ ಮಾತು ಕೇಳುತ್ತಿರಲಿಲ್ಲ. ಮುಚ್ಚಿದಷ್ಟೂ ಜಾಹೀರಾತುಗಳು ಎದ್ದು ಬರುತ್ತಿದ್ದವು. ಅದರಲ್ಲೇ ವಾಟ್ಸಾಪೂ ತೆರೆದಿತ್ತು.

ಅವಸರದಲ್ಲಿ ಒಂದೊಂದೇ ಮೆಸೇಜು ಅಳಿಸುತ್ತಾ ಬಂದಳು. ಸೋಮೇಶನ ಹೆಸರು ಬಂದಾಗ ಬೆರಳು ನಿಂತಿತು. ಅಲ್ಲಿ ಎರಡು ನೀಲಿ ಟಿಕ್ ಮೂಡಿದ್ದವು. ಓದಿದ್ದಾನೆ. ಓದಿ ಸುಮ್ಮನಿದ್ದಾನೆ.

ಸೋಮೇಶ್ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಈ ಕಂಪ್ಯೂಟರ್ ಜೋಡಿಸಿ ಕೊಟ್ಟವನೂ ಅವನೇ. ಆಮೇಲೆ ಆಗಾಗ ಫೋನ್ ಮಾಡಿ, "ಕಂಪ್ಯೂಟರ್ ಹೆಂಗದೆ?" ಎಂದು ಕೇಳುತ್ತಿದ್ದ. ಚೆನ್ನಾಗಿರುವ ಕಂಪ್ಯೂಟರಿನ ಯೋಗಕ್ಷೇಮವನ್ನು ಯಾರೂ ಅಷ್ಟು ಸಲ ಕೇಳುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಇಬ್ಬರೂ ಅದಕ್ಕಿಂತ ಮುಂದೆ ಹೋಗಿರಲಿಲ್ಲ.

ಬೇರೆ ದಾರಿಯಿಲ್ಲದೆ ಅವನಿಗೇ ಫೋನ್ ಮಾಡಿದಳು.

"ಇಂಟರ್ನೆಟ್ ತೆಗೆದುಬುಡಿ. ಫೋನಿಂದ ವಾಟ್ಸಾಪ್ ಲಾಗೌಟ್ ಮಾಡಿ. ನಾನು ಬರೋಗಂಟ ಕಂಪ್ಯೂಟರ್ ಆನ್ ಮಾಡ್ಬೇಡಿ," ಎಂದ. ಅಷ್ಟೇ. ಫೋನ್ ಇಟ್ಟುಬಿಟ್ಟ.

ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಬೃಂದಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಮೆಸೇಜನ್ನು ಅವನು ನಿಜವೆಂದು ನಂಬಿ ಬೇಸರಪಟ್ಟುಕೊಂಡನೇ? ಸುಳ್ಳೆಂದು ತಿಳಿದು ನಕ್ಕನೇ? ಬೀದಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು, ಬಂದದ್ದಕ್ಕೆ ತನ್ನನ್ನೇ ಬೈದುಕೊಂಡು ಒಳಗೆ ಹೋಗುತ್ತಿದ್ದಳು.

ಮೂರನೆಯ ದಿನ ಬಂದ. ಹೆಲ್ಮೆಟ್ ತೆಗೆದಾಗ ಕೂದಲೆಲ್ಲ ಕೆದರಿತ್ತು, ಕಣ್ಣು ನಿದ್ದೆಗೆಟ್ಟಿದ್ದವು. ಅವಳನ್ನು ನೋಡಿ, ತಕ್ಷಣ ಕಂಪ್ಯೂಟರ್ ಕಡೆ ತಿರುಗಿದ.

ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಶುರು ಮಾಡಿದ. ಅವಳ ಡಿಸೈನುಗಳನ್ನು ಸ್ಕ್ಯಾನ್ ಮಾಡಿ ಬೇರೆ ಹಾರ್ಡ್‌ಡಿಸ್ಕಿಗೆ ತುಂಬತೊಡಗಿದ. ಸರಿಯಾಗಿ ಬಂದಿವೆಯೇ ಎಂದು ತೆರೆದಾಗ ಪರದೆಯ ಮೇಲೆ ಗಂಡು ಹೆಣ್ಣಿನ ಹೆಸರುಗಳು ಜೋಡಿಯಾಗಿ ಬಂದು ಹೋದವು.

"ಊರೋರ್ಗೆಲ್ಲ ಮದ್ವೆ ಮಾಡಿಸ್ತೀರಿ," ಎಂದ.

"ಕಾರ್ಡ್ ಮಾತ್ರ ಕಣ್ರೀ."

ಅವನ ತುಟಿಯ ಅಂಚಿನಲ್ಲಿ ನಗು ಮೂಡಿತು. ಅಷ್ಟರಲ್ಲಿ ತಾಯಿ ಲಕ್ಷ್ಮಿದೇವಿ ಕಾಫಿ ತಂದರು.

"ಬಿರ್ರನೆ ಸರಿ ಮಾಡ್ಕೊಡಪ್ಪ. ಎರಡು ದಿನದಿಂದ ಇವ್ಳು ಸರ್ಯಾಗಿ ಉಂಡೇ ಇಲ್ಲ. ಭಾನುವಾರ ಉಮ್ಮತ್ತೂರಿಂದ ಹೆಣ್ಣು ನೋಡಾಕೆ ಬತ್ತಾರೆ. ಇವ್ಳ ಮಖ ನೋಡು, ಎಂಗಾಗದೆ!"

ಸೋಮೇಶನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ತಾಯಿ ಒಳಗೆ ಹೋದ ಮೇಲೂ ಕಾಫಿ ಮುಟ್ಟಲಿಲ್ಲ.

"ಫಾರ್ಮ್ಯಾಟ್ ಮಾಡ್ತೀನಿ. ಹಳೇದು ಯಾವ್ದೂ ಉಳಿಯಲ್ಲ. ಸರೀನಾ?" ಎಂದ, ಪರದೆಯಿಂದ ಕಣ್ಣು ತೆಗೆಯದೆ.

"ಮಾಡಿ."

ಹೊಸದಾಗಿ ವಿಂಡೋಸ್ ಏರತೊಡಗಿತು. ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಿದ್ದವು.

"ನಿಮ್ಮ ಫೋನಲ್ಲೇ ಎಲ್ಲಾ ಪಾಸ್‌ವರ್ಡ್ ಬದಲಾಯಿಸಿ. ನಂಗೆ ಕಾಣಿಸ್ಬೇಡಿ," ಎಂದು ಕುರ್ಚಿ ಸಮೇತ ಗೋಡೆಯ ಕಡೆ ತಿರುಗಿ ಕೂತ. ಅವಳು ಫೋನ್ ಹಿಡಿದು ಅವನ ಕತ್ತನ್ನೇ ನೋಡಿದಳು. ಬಿಸಿಲಿಗೆ ಕಂದಿದ ಕತ್ತು, ಕೆಂಪಾದ ಕಿವಿ. ಒಂದು ಅಕ್ಷರವನ್ನೂ ಒತ್ತಲಾಗಲಿಲ್ಲ.

"ಆ ಮೆಸೇಜು ನಾನು ಕಳಿಸಿದ್ದಲ್ಲ," ಎಂದಳು.

"ಗೊತ್ತು. ನೋಡಿದ ತಕ್ಷಣ ಗೊತ್ತಾಯ್ತು. ನೀವು ಅಷ್ಟು ಪುಸ್ತಕದ ಕನ್ನಡ ಬರೆಯಲ್ಲ."

"ಗೊತ್ತಿದ್ರೆ ಒಂದು ಫೋನ್ ಮಾಡಕಾಗ್ಲಿಲ್ವಾ? ಎಲ್ರೂ ಮಾಡಿದ್ರು. ಬೈದ್ರು, ನಕ್ರು. ನೀವೊಬ್ರೇ ಸುಮ್ನಿದ್ರಿ."

ಅವನು ಗೋಡೆಯನ್ನೇ ನೋಡುತ್ತಾ ಹೇಳಿದ, "ಅಂಗಡಿ ಕಂಪ್ಯೂಟರ್ ಸರಿ ಮಾಡ್ತಿದ್ದೆ. ಗಿರಾಕಿಗಳ ಫೈಲೆಲ್ಲ ಅದ್ರಲ್ಲೇ ಇದ್ವು. ಅದಕ್ಕೇ ಬರೋದು ತಡ ಆಯ್ತು."

"ಅದಕ್ಕೇನಾಗಿತ್ತು?"

"ಇದೇ ವೈರಸ್ಸು."

"ಹೆಂಗೆ ಬಂತು?"

ಅವನ ಕಿವಿ ಇನ್ನೂ ಕೆಂಪಾಯಿತು.

"ನಾನೇ ಲಿಂಕ್ ಒತ್ತಿದೆ ಕಣ್ರೀ. ಊರೋರ್ಗೆಲ್ಲ ಒತ್ತಬೇಡಿ ಅಂತ ಬುದ್ಧಿ ಹೇಳೋನು ನಾನು. ನಿಮ್ಮ ಹೆಸ್ರು ಇತ್ತಲ್ಲ. ಇದೊಂದು ಸಲ ನಿಜವಾಗಿದ್ರೆ ಅಂತ... ಒತ್ಬುಟ್ಟೆ."

ಬೃಂದಾಳಿಗೆ ನಗು ಬಂತು. ನಗುವಾಗಲೇ ಕಣ್ಣು ತುಂಬಿದವು.

"ಇತ್ಲಾಗೆ ತಿರುಗಿ," ಎಂದಳು.

ತಿರುಗಿದ.

"ಮೆಸೇಜು ನಂದಲ್ಲ. ಆದ್ರೆ ಎಲ್ಲರ ಹತ್ರ ಹೋದದ್ದನ್ನ ಅಳಿಸಿದೋಳು, ನಿಮ್ಮ ಹತ್ರ ಇರೋದನ್ನ ಅಳಿಸ್ಲಿಲ್ಲ. ಯಾಕೆ ಅಂತ ನಾನೇ ಬಾಯಿಬಿಟ್ಟು ಹೇಳ್ಬೇಕಾ?"

ಅವನು ಅವಳನ್ನು ನೋಡಿದ. ಈ ಸಲ ಕಣ್ಣು ಬೇರೆ ಕಡೆ ಹೋಗಲಿಲ್ಲ. "ಹೇಳ್ಬೇಕು," ಎಂದ ಮೆಲ್ಲಗೆ. "ಇನ್ನೊಂದು ಸಲ ಅಂದಾಜಿನ ಮೇಲೆ ಒತ್ತೋ ಧೈರ್ಯ ನಂಗಿಲ್ಲ."

"ನೀವು ಬರದೆ ಇದ್ರೆ ನಂಗೆ ಅನ್ನ ಸೇರಲ್ಲ. ಸಾಕಾ?"

ಅವನು ಉತ್ತರಿಸುವ ಮೊದಲೇ ಅವಳು ಎದ್ದು ಅಡುಗೆಮನೆಗೆ ಹೋದಳು. ನಿಂತರೆ ಧೈರ್ಯ ಇಳಿದುಹೋದೀತೆಂಬ ಭಯ.

"ಅವ್ವ, ಉಮ್ಮತ್ತೂರೋರು ಬರಾದು ಬ್ಯಾಡ."

"ಯಾಕಮ್ಮಿ?"

ಬೃಂದಾ ಕೋಣೆಯ ಕಡೆ ನೋಡಿದಳು. ಅಲ್ಲಿ ಸೋಮೇಶ್ ಆಗಲೇ ಎದ್ದು ಬಾಗಿಲಲ್ಲಿ ನಿಂತಿದ್ದ. ಲಕ್ಷ್ಮಿದೇವಿ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು. ಅಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕಿತು.

"ನಿಮ್ಮಪ್ಪನ್ಗೆ ಯೋಳೋರ್ಯಾರು?" ಎಂದರು ಸಾರು ಇಳಿಸುತ್ತಾ.

"ನಾನೇ ಹೇಳ್ತೀನಿ ಕಣಮ್ಮ," ಎಂದ ಸೋಮೇಶ್.

"ಅವ್ರು ಹೊಲದಿಂದ ಬರಾದು ಸಂಜೆ ಆಯ್ತದೆ."

"ಕಾಯ್ತೀನಿ."

ಲಕ್ಷ್ಮಿದೇವಿ ತಟ್ಟೆ ತೆಗೆದು ಅವನ ಮುಂದಿಟ್ಟರು. "ಹಂಗಾರೆ ಮೊದ್ಲು ಉಣ್ಣು. ಅವ್ರ ಮುಂದೆ ಹಸ್ಕೊಂಡು ನಿಂತ್ರೆ ಬಾಯಿಂದ ಮಾತೇ ಬರಾಕಿಲ್ಲ." ಮತ್ತೆ ಮಗಳ ಕಡೆ ತಿರುಗಿ, "ನೀನೂ ಕೂತ್ಕೊ," ಎಂದರು.

ಹೊತ್ತು ಇಳಿದಾಗ ಬಾಗಿಲ ಮುಂದೆ ಬೃಂದಾಳ ಅಪ್ಪ ಮಹದೇವಪ್ಪನವರ ಗಾಡಿ ನಿಂತ ಸದ್ದಾಯಿತು. ಸೋಮೇಶ್ ಎದ್ದು ಅಂಗಿ ಸರಿಮಾಡಿಕೊಂಡ. ಬೃಂದಾ ಒಳಗೆ ಹೋಗಲಿಲ್ಲ. ಅವನ ಪಕ್ಕಕ್ಕೆ ಬಂದು ನಿಂತಳು.