ಮರುವಾಯಿ ನೆನೆಸಿದ ನೀರು

"ಹೋಟ್ಲಿಗೆ ಬಂದವರು ಊಟ ಕೇಳ್ತಾರೆ. ಈ ಹುಡುಗಿ ನೀರು ಕೇಳ್ತಾಳೆ ನೋಡು! ಅದೂ ಮರುವಾಯಿ ನೆನೆಸಿದ ನೀರು!"

ಜಯಲತಕ್ಕ ನಗುತ್ತಾ ಮಗನನ್ನು ಕೂಗಿದರು.

ಥಾಣೆಯಲ್ಲಿ ಸಮುದ್ರದ ಹಿನ್ನೀರಾದ ಖಾಡಿಯ ಬಳಿ, ಮಾಜಿವಾಡಾದ ಆ ಪುಟ್ಟ ಮೀನೂಟದ ಹೋಟೆಲಿನ ಹಿಂಬಾಗಿಲಲ್ಲಿ, ಕೈಯಲ್ಲೊಂದು ಬಾಟಲಿ ಹಿಡಿದು ನಿಕಿತಾ ನಿಂತಿದ್ದಳು. 2014ರ ಅಕ್ಟೋಬರ್. ಮಳೆ ಹೋಗಿ ಬಿಸಿಲು ಸುಡುತ್ತಿತ್ತು.

ಗಲ್ಲಾ ಬಿಟ್ಟು ಸುಜನ್ ಒಳಬಂದ. ಹಣೆಯಲ್ಲಿ ಬೆವರು, ಕಣ್ಣಲ್ಲಿ ಅನುಮಾನ.

"ಮುನ್ಸಿಪಾಲ್ಟಿಯವರಾ?"

"ಅಲ್ಲಲ್ಲ! ಖಾರಘರದ ಲ್ಯಾಬ್‌ನವಳು. ಖಾಡಿಯ ನೀರು ಟೆಸ್ಟ್ ಮಾಡ್ತೀವಿ. ಖಾಡಿಯ ಚಿಪ್ಪು ಯಾರು ತಗೊಳ್ತಾರೆ ಅಂತ ಕೇಳಿದ್ರೆ ಚಂದ್ರಬಾಯಿ ನಿಮ್ಮ ಹೋಟೆಲ್ ತೋರಿಸಿದ್ರು."

ಮೀನು ಮಾರುವ ಚಂದ್ರಬಾಯಿ ಎಂದಕೂಡಲೇ ಜಯಲತಕ್ಕನ ಮುಖ ಅರಳಿತು. ಅವರು ಈಳಿಗೆಯಂಥ ಮೆಟ್ಟುಕತ್ತಿಯ ಮುಂದೆ ಕೂತು ಚಿಪ್ಪುಮೀನಿನ, ಅದೇ ಹಸಿ ಮರುವಾಯಿಯ, ಚಿಪ್ಪು ಬಿಡಿಸುತ್ತಿದ್ದರು. ಬೆರಳುಗಳ ತುಂಬಾ ಸಣ್ಣ ಸಣ್ಣ ಗೀರು.

ನಿಕಿತಾ ಬಾಟಲಿ ಕೆಳಗಿಟ್ಟು ಮುಂದೆ ಬಂದಳು.

"ಆಂಟಿ, ಹಸಿಯಾಗಿ ಬಿಡಿಸಬೇಡಿ ಪ್ಲೀಸ್. ಕುದಿಸಿದ್ರೆ ತಾನಾಗಿ ಬಾಯಿ ಬಿಡ್ತದೆ."

"ರಸ ಎಲ್ಲ ಹೋಗ್ತದೆ ಮಗಾ! ಊರಲ್ಲಿ ನನ್ನ ಅಮ್ಮನೂ ಹೀಗೇ ಮಾಡ್ತಿದ್ದದ್ದು."

"ಈಗಿನ ನೀರಲ್ಲಿ ಒಂದು ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಾಗಿದೆ. ಗಾಯದಿಂದ ಒಳಗೆ ಹೋದ್ರೆ..."

"ಅಂದ್ರೆ ನಮ್ಮ ಅಡುಗೆಮನೆ ಗಲೀಜು ಅಂತಾ?" ಸುಜನ್‌ನ ದನಿ ಏರಿತು. ಊಟಕ್ಕೆ ಕೂತಿದ್ದವರು ತಿರುಗಿ ನೋಡಿದರು.

"ಗಲೀಜಿನ ಮಾತಲ್ಲ, ಸುನಿಯೇ ತೋ, ಸ್ವಲ್ಪ ಕೇಳಿ! ಮಳೆನೀರು ಸೇರಿ ಖಾಡಿಯ ಉಪ್ಪು ಕಡಿಮೆಯಾಗಿದೆ. ಮೇಲಿಂದ ಈ ಬಿಸಿಲು, ನೀರು ಬೆಚ್ಚಗಾಗಿದೆ. ಆ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟೇ ಸಾಕು. ಎಷ್ಟು ತೊಳೆದ್ರೂ..."

"ಸಾಕು! ಇನ್ನು ಈ ಬಾಗಿಲಿಗೆ ಬರಬೇಡಿ."

ಅವಳ ಕಣ್ಣು ತುಂಬಿತು. ಆದರೂ ಹೋಗುವ ಮುನ್ನ ಜಯಲತಕ್ಕನ ಬಳಿ ಬಗ್ಗಿದಳು. "ಗಾಯ ಊದಿಕೊಂಡ್ರೆ ತಡ ಮಾಡಬೇಡಿ ಆಂಟಿ. ನನ್ನ ನಂಬರ್ ಹಾಕಿಕೊಳ್ಳಿ."

ಆ ತಾಯಿ ಅವಳ ಮನಸ್ಸು ನೋಯಬಾರದೆಂದು ಮೊಬೈಲ್ ಕೊಟ್ಟರು. ಹೆಸರು ಕೇಳಲು ಮರೆತು, ಆಮೇಲೆ ತಾವೇ ಒಂದು ಹೆಸರಿಟ್ಟುಕೊಂಡರು... 'ನೀರಿನ ಹುಡುಗಿ'!

ಮುಂದಿನ ವಾರವೇ ಹಸಿ ಮರುವಾಯಿ ಬಿಡಿಸುವಾಗ ಕೈ ಜಾರಿ ಮೆಟ್ಟುಕತ್ತಿಗೆ ತಾಗಿ ಗಾಯವಾಯಿತು. ಜಯಲತಕ್ಕ ಎಂದಿನಂತೆ ಅರಿಶಿನ ಒತ್ತಿ ಕೆಲಸ ಮುಂದುವರಿಸಿದರು. ಮರುದಿನ ಬೆಳಗಾಗುವಾಗ ಕೈ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೈ ಕೆಂಡ.

ಥಾಣೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಸುಜನ್‌ನನ್ನು ಪಕ್ಕಕ್ಕೆ ಕರೆದರು. "ಔಷಧಿ ಹಿಡೀತಿಲ್ಲ. ಹೀಗೇ ಏರಿದ್ರೆ ಕೈ ತೆಗೆಯಬೇಕಾಗಬಹುದು."

ಕೈ! ಅವನನ್ನು ಉಣಿಸಿ ಬೆಳೆಸಿದ ಕೈ!

"ನೀರಿನ ಹುಡುಗಿಗೆ... ಫೋನ್ ಮಾಡು ಮಗಾ..." ಜ್ವರದಲ್ಲಿ ಅಮ್ಮ ಕನವರಿಸಿದರು.

ಅಮ್ಮನ ಮೊಬೈಲಿನಿಂದ ಅವನು ಫೋನ್ ಮಾಡಿದ. ನಿಕಿತಾ ಬೇರೇನೂ ಕೇಳಲಿಲ್ಲ, ಒಂದೇ ಪ್ರಶ್ನೆ.

"ಡಾಕ್ಟರಿಗೆ ಮರುವಾಯಿ ಅಂತ ಹೇಳಿದ್ದೀರಾ?"

"ಇಲ್ಲ... ತರಕಾರಿ ಹೆಚ್ಚುವಾಗ ಆದ ಗಾಯ ಅಂದೆ. ಹೋಟ್ಲಿನ ಹೆಸರು ಹಾಳಾಗ್ತದೆ ಅಂತ..."

"ಅಯ್ಯೋ, ಈಗಲೇ ಓಡಿ! ಖಾಡಿಯ ಚಿಪ್ಪು ಬಿಡಿಸುವಾಗ ಆದ ಗಾಯ ಅಂತ ಹೇಳಿ. ಫೋನ್ ಅವರ ಕೈಗೇ ಕೊಡಿ!"

ಅವನು ಓಡಿದ. ಡಾಕ್ಟರ್ ಅವಳ ಮಾತು ಪೂರ್ತಿ ಕೇಳಿದರು, ಔಷಧಿ ಬದಲಿಸಿದರು, ತಕ್ಷಣ ಗಾಯ ಕೊಯ್ದು ಶುಚಿ ಮಾಡಲು ಒಳಗೆ ಕರೆದೊಯ್ದರು. ಖಾರಘರದಿಂದ ಎರಡು ಲೋಕಲ್ ಬದಲಿಸಿ ನಿಕಿತಾ ಬರುವಷ್ಟರಲ್ಲಿ ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತು ಅಳುತ್ತಿದ್ದ.

"ಅವತ್ತು ನಿಮ್ಮನ್ನು ಅಷ್ಟು ಜನರ ಎದುರು ಬೈದೆ..."

"ನಾನೂ ಬಿಡಲಿಲ್ಲ. ಟ್ರೇನ್ ಐರೋಳಿ ದಾಟುವವರೆಗೂ ಮನಸ್ಸಲ್ಲೇ ನಿಮಗೆ ಬೈತಾ ಇದ್ದೆ."

ಆ ಅಳುವಿನ ಮಧ್ಯೆಯೂ ಅವನಿಗೆ ನಗು ಬಂತು.

ಕೈ ಉಳಿಯಿತು! ಡಾಕ್ಟರಿಗೆ ಕೈಮುಗಿದ ಜಯಲತಕ್ಕ, ನಿಕಿತಾಳನ್ನು ಎದೆಗೆ ಒತ್ತಿಕೊಂಡರು. ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ನಿಕಿತಾ ಬಂದು ಸುಜನ್‌ನ ಜೊತೆ ಕೂತು ಹೋಗುತ್ತಿದ್ದಳು.

ಡಿಸೆಂಬರಿನ ಒಂದು ಭಾನುವಾರ ಊಟಕ್ಕೆ ಕರೆ ಬಂತು. ನಿಕಿತಾ ಹಿಂಬಾಗಿಲಲ್ಲೇ ನಿಂತಳು, ಈ ಸಲ ಬರಿಗೈಯಲ್ಲಿ. ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು.

"ಈಗ ಖಾಡಿಯ ನೀರು ಹೇಗಿದೆ?" ಸುಜನ್ ಕೇಳಿದ.

"ತಂಪಾಗಿದೆ. ಉಪ್ಪೂ ಏರಿದೆ. ಆದ್ರೂ ಕುದಿಸಲೇಬೇಕು!"

"ಕುದಿಸ್ತಾ ಇದ್ದೇವೆ ಮೇಡಂ." ಅವನು ತಲೆ ತಗ್ಗಿಸಿದ. "ಅವತ್ತು ಈ ಬಾಗಿಲಿಗೆ ಬರಬೇಡಿ ಅಂದವನು ನಾನೇ. ಈಗ ಕೇಳ್ತೇನೆ... ಯಾವಾಗಲೂ ಬರ್ತೀರಾ?"

"ಸ್ಯಾಂಪಲ್‌ಗಾ?"

"ಪಣ್ಲ ಮಗಾ, ಬೇಗ ಪಣ್ಲ!" ಒಲೆಯ ಬಳಿಯಿಂದ ಜಯಲತಕ್ಕ, ಹೇಳು ಹೇಳೆಂದು ತುಳುವಿನಲ್ಲಿ ಅವಸರಪಡಿಸಿದರು.

"ನನ್ನ ಜೊತೆ ಬಾಳಲಿಕ್ಕೆ," ಅಂದ ಸುಜನ್.

ನಿಕಿತಾಳ ನಗು ನಿಂತಿತು. ಇಷ್ಟು ದಿನ ಅವಳನ್ನು ಕಾಡಿದ ಭಯ ಅದೊಂದೇ. "ಅಮ್ಮನ ಕೈ ಉಳಿಸಿದ ಉಪಕಾರಕ್ಕಾ ಈ ಮಾತು?"

"ಉಪಕಾರಕ್ಕೆ ಸಾಯುವವರೆಗೂ ಕೈಮುಗೀತೇನೆ. ಇದು ಅದಲ್ಲ ನಿಕಿತಾ. ನೀವು ಕಣ್ಣು ಒರೆಸಿಕೊಂಡು ಹೋದಿರಲ್ಲ... ಆವತ್ತು ಸಂಜೆಯಿಂದಲೇ ನಾನು ಗಲ್ಲಾದಲ್ಲಿ ಕೂತು ಹಿಂಬಾಗಿಲು ನೋಡಲಿಕ್ಕೆ ಶುರು ಮಾಡಿದ್ದು."

"ಮತ್ತೆ ಆವಾಗಲೇ ಫೋನ್ ಯಾಕೆ ಮಾಡಲಿಲ್ಲ?"

"ನಂಬರ್ ಅಮ್ಮನ ಹತ್ರ ಇತ್ತು. ಕೇಳಲಿಕ್ಕೆ ನಾಚಿಕೆ!"

"ಹುಚ್ಚ!" ಎಂದಳು ನಿಕಿತಾ. ಕಣ್ಣು ಮತ್ತೆ ತುಂಬಿತು, ಈ ಬಾರಿ ಬೇರೆ ಕಾರಣಕ್ಕೆ. "ಬರ್ತೇನೆ. ಆದ್ರೆ 'ನೀವು' ಅನ್ನೋದು ಬಿಟ್ರೆ ಮಾತ್ರ."

"ಬಾ," ಅಂದ ಅವನು ಮೆಲ್ಲಗೆ.

ಜಯಲತಕ್ಕ ಬಟ್ಟೆ ಹಿಡಿದು, ಗಾಯದ ಕಲೆಯಿದ್ದ ಆ ಕೈಯಿಂದಲೇ ಪಾತ್ರೆಯ ಮುಚ್ಚಳ ಎತ್ತಿದರು. ಒಳಗೆ ಮರುವಾಯಿಗಳೆಲ್ಲ ಬಾಯಿ ಬಿಟ್ಟಿದ್ದವು.