ಸೆಟ್ಟಿರೇವಿನ ಕೆಳಗಿನ ಮೆಟ್ಟಿಲು

ಹರಿಗೋಲಿನವರು ತಾವೇ ಕಲ್ಲು ಹೊತ್ತು ಕಟ್ಟಿದ ರೇವಿಗೆ ತಾವು ಕಾಲಿಡುವಂತಿರಲಿಲ್ಲ. ವೇದಾವತಿ ಎರಡೂ ದಡ ಮುಟ್ಟಿ ಹರಿಯುತ್ತಿದ್ದ ಒಂದು ಶ್ರಾವಣದಲ್ಲಿ, ಹೆರಿಗೆ ನೋವು ತಿನ್ನುತ್ತಿದ್ದ ಬರಗೇರಮ್ಮನೆಂಬ ಅಂಬಿಗರ ಹೆಂಗಸನ್ನು ಹರಿಗೋಲಿನಲ್ಲಿ ಅಲ್ಲಿಗೆ ತಂದರು. ರೇವು ಕಟ್ಟಿಸಿದ ಸೆಟ್ಟಿಯ ಆಳುಗಳು ಇಳಿಯಗೊಡಲಿಲ್ಲ. ಅವಳು ಕೆಳಗಿನ ಮೆಟ್ಟಿಲನ್ನು ಕೈಯಲ್ಲಿ ಹಿಡಿದುಕೊಂಡು ಹರಿಗೋಲಿನಲ್ಲೇ ಹೆತ್ತಳು. ಮಗು ಅಳಲಿಲ್ಲ. ತಾಯಿಯೂ ಉಳಿಯಲಿಲ್ಲ. ಮಗುವಿನ ಹಿಂದೆ ಬಿದ್ದ ಮಾಸು ಹೂಳಲು ಗೇಣು ನೆಲ ಕೊಡಿರೆಂದು ಬರಗೇರಮ್ಮನ ತಾಯಿ ಕೇಳಿದಳು. ಕೊಡಲಿಲ್ಲ.

ತಲೆಮಾರುಗಳ ಹಿಂದಿನ ಈ ಸಂಗತಿಯನ್ನು ಅಂಬಿಗರ ನಿಂಗಕ್ಕ ಹರಿಗೋಲಿಗೆ ಹುಟ್ಟು ಹಾಕುತ್ತಾ, ನಡುನಡುವೆ ನೀರಿಗೆ ಎಲೆಅಡಿಕೆ ಉಗಿಯುತ್ತಾ ಹೇಳಿದಳು. ಎದುರಿಗೆ ಕುಳಿತಿದ್ದ ಗಂಗಾಧರಪ್ಪ ಆಕಳಿಸಿದ.

ಅವನು ಮೈಸೂರಿನ ಕಚೇರಿಯೊಂದರಲ್ಲಿ ಶಾಸನಗಳ ಅಚ್ಚು ತೆಗೆಯುವವನು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ವೇದಾವತಿಯ ಮೇಲೆ ಹಿಂದೆ ವ್ಯಾಪಾರದ ರೇವೊಂದಿತ್ತು ಎಂದು ಅವನು ಹೇಳಿದಾಗ ಮೇಲಧಿಕಾರಿ ಮೂರ್ತಪ್ಪ, "ಬೇಸಿಗೆಯಲ್ಲಿ ಕುರಿ ದಾಟೋ ಹೊಳೆಗೆ ರೇವೇನಯ್ಯ?" ಎಂದು ಕಚೇರಿಗೆಲ್ಲ ಕೇಳುವಂತೆ ನಕ್ಕಿದ್ದ. ಮಾರಿಕಣಿವೆಗೆ ಅಣೆಕಟ್ಟು ಕಟ್ಟಿ, ಏರತೊಡಗಿದ ಹಿನ್ನೀರು ದಡ ಕೊರೆದಾಗ, ನೂರಾರು ವರ್ಷದ ಹೂಳು ಕೊಚ್ಚಿಹೋಗಿ ಮೆಟ್ಟಿಲುಗಳು ತಾವಾಗಿ ಮೇಲೆದ್ದವು. ಜೊತೆಗೆ ಅಕ್ಷರ ಕೆತ್ತಿದ ಒಂದು ಚಪ್ಪಡಿ. ಇನ್ನೊಂದು ಮಳೆ ಬಂದರೆ ಮುಳುಗಿತು, ಮತ್ತೆ ಯಾರೂ ಕಾಣಲಾರರು. ಅದರ ಓದನ್ನು ಹಿಡಿದು ಮೈಸೂರಿಗೆ ಹೋದರೆ ಕೆಲಸವೂ ಕಾಯಂ, ಮೂರ್ತಪ್ಪನ ಬಾಯಿಯೂ ಬಂದ್. ಗಂಗಾಧರಪ್ಪನಿಗೆ ಬೇಕಾಗಿದ್ದದ್ದು ಅಷ್ಟೇ.

"ಆ ಮುದುಕಿ ಮಾಸನ್ನ ಏನು ಮಾಡಿದಳು?" ಎಂದು ಕೇಳಿದ, ಹೊತ್ತು ಹೋಗಲೆಂದು.

"ಕೆಳಗಿನ ಮೆಟ್ಲು ಸಂದಿಗೆ ತುರುಕಿದ್ಲು. ತಲೆಗೂದ್ಲು ಕಿತ್ತು ಸುತ್ತಿದ್ಲು, ಬಿದಿರು ಗೂಟ ಜಡಿದ್ಲು. ನನ್ನ ಮಗಳ ಮಾಸಿಗೆ ನೆಲ ಕೊಡದ ರೇವು ಯಾರಿಗೂ ನೆಲ ಕೊಡದಿರ್ಲಿ ಅಂದ್ಲು. ಆಮ್ಯಾಕೆ ಒಂದು ಸಂಜಿ ಸೆಟ್ಟಿ ಇಲ್ಲಿ ಇಳಿದ. ಮನಿಗೆ ಹೋಗ್ಲಿಲ್ಲ."

"ಮತ್ತೆಲ್ಲಿಗೆ ಹೋದ?"

"ಎಲ್ಲಿಗೂ ಹೋಗ್ಲಿಲ್ರಿ. ಅದನ್ನೇ ಹೇಳ್ತಿರೋದು."

ಗಂಗಾಧರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಪ್ರತಿ ಶಾಸನದ ಕೊನೆಗೂ ಒಂದು ಶಾಪ ಇರುತ್ತೆ ನಿಂಗಕ್ಕ, ಕೆಡಿಸಿದವನು ಹುಳುವಾಗಿ ಹುಟ್ಟುತ್ತಾನೆ ಅಂತ. ಅಂಥ ಕಲ್ಲುಗಳ ಮೇಲೆ ಕೂತು ಬುತ್ತಿ ಉಂಡವನು ನಾನು. ನೋಡು, ಇನ್ನೂ ಎರಡು ಕಾಲಿದೆ."

"ಅವು ಬರಿಯಾಕೆ ಬರೋರ ಶಾಪ. ಇದು ಬರಿಯಾಕೆ ಬರದೋಳ್ದು." ನಿಂಗಕ್ಕ ಹರಿಗೋಲನ್ನು ಚಪ್ಪಡಿಯ ಪಕ್ಕಕ್ಕೆ ತಂದು, ಹುಟ್ಟನ್ನು ಕಲ್ಲಿಗೆ ಆನಿಸಿ ನಿಲ್ಲಿಸಿದಳು. "ಇಲ್ಲೇ ಕುಂತು ಕೆಲಸ ಮಾಡ್ರಿ. ನಾನು ಹಿಡ್ಕಂಡಿರ್ತೀನಿ. ಕಾಲು ಮಾತ್ರ ಇಡಬ್ಯಾಡ್ರಿ. ಆ ಗೂಟಾನೂ ಮುಟ್ಟಬ್ಯಾಡ್ರಿ."

"ಕುಕ್ಕರಗಾಲಲ್ಲಿ ಕೂತು ಅಚ್ಚು ತೆಗೆಯೋಕಾಗಲ್ಲ. ನೀನು ನಿನ್ನ ಎಲೆಅಡಿಕೆ ನೋಡ್ಕೋ."

ಹಾಗೆಂದವನೇ ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟ. ಏನೂ ಆಗಲಿಲ್ಲ. ಹಿಂತಿರುಗಿ ನಿಂಗಕ್ಕನ ಕಡೆ ಹುಬ್ಬು ಕುಣಿಸಿದ. ಅವಳು ಮುಖ ತಿರುಗಿಸಿಕೊಂಡಳು.

ಮೋಡ ಹೊಳೆಯ ಮೇಲೆ ಕೂತುಬಿಟ್ಟಿತ್ತು. ಹೊತ್ತು ಮುಳುಗಲು ಇನ್ನೂ ಸಮಯವಿದ್ದರೂ ನೀರು ಮಸಿಯ ಬಣ್ಣಕ್ಕೆ ತಿರುಗಿತ್ತು. ಕೊಳೆತ ಜೊಂಡಿನ ವಾಸನೆ. ಹರಿಗೋಲಿನ ನೆಂದ ತೊಗಲಿನ ವಾಸನೆ. ಹತ್ತಾರು ಮೆಟ್ಟಿಲ ಮೇಲೆ, ದಡದ ಹುಣಸೆ ಮರದಡಿಯಲ್ಲಿ, ಅವನ ಸಾಮಾನು ಹೇರಲು ಬಂದ ಗಾಡಿಯ ಓಬಯ್ಯ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಕೂಗಿದರೆ ಕೇಳುವಷ್ಟು ಹತ್ತಿರ.

ಗಂಗಾಧರಪ್ಪ ಚಪ್ಪಡಿ ತೊಳೆದ. ಬೆರಳಾಡಿಸುತ್ತಾ ಓದಿದ. ಓದಿದ್ದನ್ನು ಬಾಯಿಪಾಠ ಮಾಡುವುದು ಅವನಿಗೆ ಚಿಕ್ಕಂದಿನ ರೂಢಿ. ಖುಷಿಯಿಂದ ಅವನ ದನಿ ಏರಿತು. "ಕೇಳಿಲ್ಲಿ! ಸಕಲ ಜನವೂ ಇಳಿದು ಏರಲೆಂದು ಸೆಟ್ಟಿ ಧರ್ಮಕ್ಕೆ ಕಟ್ಟಿಸಿದ ರೇವು. ಸಕಲ ಜನವೂ! ನಿನ್ನ ಕತೆ ಸುಳ್ಳಾಯ್ತಲ್ಲ?"

"ಕಲ್ಲು ಸುಳ್ಳು ಹೇಳಾಕಿಲ್ವ, ಸ್ವಾಮಿ?"

ಕೊನೆಯ ಸಾಲು ಚಪ್ಪಡಿಗೂ ಮೆಟ್ಟಿಲಿಗೂ ನಡುವಿನ ಸಂದಿಗೆ ಇಳಿದಿತ್ತು. ಅಲ್ಲಿ ಅಡ್ಡವಾಗಿ ಕಪ್ಪುಗಟ್ಟಿದ ಬಿದಿರಿನ ಮೋಟು. ಉಳಿ ತೂರಿಸಿ ಮೀಟಿದ. ಅದು ಕಲ್ಲಿನಿಂದ ಕಿತ್ತು ಬರುವ ಹಾಗೆ ಬರಲಿಲ್ಲ. ಹಲ್ಲು ವಸಡಿನಿಂದ ಬರುವ ಹಾಗೆ ಬಂತು. ಹಿಂದೆಯೇ ಕೂದಲ ಗಂಟು, ಅದರೊಳಗೆ ಒಣಗಿದ ತೊಗಲಿನಂಥದ್ದೇನೋ.

"ಅಯ್ಯೋ, ಇತ್ತ ಕೊಡ್ರಿ ಅದನ್ನ! ಕೊಡ್ರಿ!" ನಿಂಗಕ್ಕ ಎರಡೂ ಕೈ ಚಾಚಿದಳು.

ಅವನು ಮೂಗು ಮುಚ್ಚಿಕೊಂಡು ಅದನ್ನು ಹೊಳೆಗೆಸೆದ.

ನೀರು ಅದನ್ನು ನುಂಗಿದ ಸದ್ದು ಕೇಳಿಸಲಿಲ್ಲ. ಆದರೆ ವಾಸನೆ ಬದಲಾಯಿತು. ಜೊಂಡಿನ ನಾತ ಸರಿದು, ಬಾಣಂತಿ ಕೋಣೆಯ ಬಜೆ, ಬೆಳ್ಳುಳ್ಳಿ, ಬಿಸಿ ರಕ್ತದ ವಾಸನೆ ಮೂಗಿಗಡರಿತು. ಬಯಲು ಹೊಳೆಯಲ್ಲಿ, ಬೀಸುಗಾಳಿಯಲ್ಲಿ.

ಅವನು ಕಾಗದ ತೋಯಿಸಿ ಚಪ್ಪಡಿಗೆ ಹಚ್ಚಿದ. ಬ್ರಷ್ಷಿನಿಂದ ಬಡಿಯತೊಡಗಿದ. ಟಪ್, ಟಪ್. ನಿಲ್ಲಿಸಿದ. ಕಲ್ಲಿನೊಳಗಿನಿಂದ ಒಂದು ಟಪ್ ತಡವಾಗಿ ಬಂತು. ನೀರೇ ಇರಬೇಕು. ಮತ್ತೆ ಬಡಿದ. ಕಲ್ಲಿನಾಚೆ ಯಾರೋ ಹಲ್ಲು ಕಚ್ಚಿ ಮುಲುಕಿದರು. ಒದ್ದೆ ಕಾಗದ ನಡುವೆ ಉಬ್ಬಿತು. ಅವನು ಅಂಗೈಯಿಂದ ಒತ್ತಿದ. ಅದು ತಿರುಗಿ ಒತ್ತಿತು. ಬೆಚ್ಚಗಿತ್ತು.

ಕೈ ಎಳೆದುಕೊಂಡು, ಕಾಗದದ ಮೇಲೆ ಮಸಿಯ ಉಂಡೆ ತಟ್ಟಿದ. ಅಕ್ಷರ ಏಳಲಿಲ್ಲ. ಒಂದು ಅಂಗೈ ಎದ್ದಿತು. ಐದು ಬೆರಳು, ಬಳೆ ಒಡೆದು ಕೊರೆದ ಮುಂಗೈ. ಅವನು ನೋಡುತ್ತಿದ್ದ ಹಾಗೆಯೇ ಬೆರಳುಗಳು ಏನನ್ನೋ ಹಿಡಿಯಲು ಮಡಚಿಕೊಂಡವು.

ಗಂಗಾಧರಪ್ಪ ಬ್ರಷ್ಷು ಬಿಸುಟು ಮೇಲಕ್ಕೋಡಿದ.

ಒಂದು ಮೆಟ್ಟಿಲು. ಇನ್ನೊಂದು. ಮತ್ತೊಂದು. ಹುಣಸೆ ಮರ ಅಲ್ಲೇ ಇತ್ತು. ಎತ್ತುಗಳ ಕೊರಳ ಗಂಟೆ ಕೇಳುತ್ತಿತ್ತು. ಹತ್ತಿದ. ಉಸಿರು ಕಟ್ಟಿತು. ಹತ್ತಿದ. ಮರ ಅಷ್ಟೇ ದೂರ. ತಿರುಗಿ ನೋಡಿದ. ನೀರು ಹಿಮ್ಮಡಿಯಲ್ಲೇ ಇತ್ತು.

"ಓಬಯ್ಯಾ! ಓಬಯ್ಯಾ!"

ಓಬಯ್ಯ ದಡದ ಅಂಚಿಗೆ ಬಂದು ಬಗ್ಗಿ ನೋಡಿದ. "ಬರ್ರಿ ಬುದ್ದಿ, ಮಳಿ ಬರ್ತೈತೆ, ಹೋಗಾಣ. ಯಾಕ್ರಿ ನಿಂತಲ್ಲೇ ಕಾಲು ತುಳೀತೀರಿ?"

ನಿಂತಲ್ಲೇ? ಅವನು ಇನ್ನೂ ಜೋರಾಗಿ ಹತ್ತಿದ. ಮೊಣಕಾಲು ತರಚಿತು. ಪಾಚಿ. ನೆತ್ತರು. ಪಾಚಿ. ಪಕ್ಕದಲ್ಲಿ ಇನ್ನೊಂದು ಉಸಿರು ಕೇಳಿಸಿತು. ಯಾರೋ ಜೊತೆಗೆ ಹತ್ತುತ್ತಿದ್ದರು. ಮುದುಕ. ಕಿವಿಯಲ್ಲಿ ಹಳೆಯ ಕಡುಕು, ಕಡುಕಿನ ತುಂಬ ಪಾಚಿ. ಪಾದವಿಲ್ಲ. ಸವೆದು ಸವೆದು ಮೊಣಕಾಲಿನವರೆಗೆ ಮೂಳೆ. ಮೂಳೆಯನ್ನು ಕಲ್ಲಿಗೆ ಊರಿ ಊರಿ ಹತ್ತುತ್ತಿದ್ದ. ಮೆಲ್ಲಗೆ ಮುಖ ತಿರುಗಿಸಿದ. ಜೊತೆ ಸಿಕ್ಕಿತೆಂಬ ಸಂತೋಷ ಆ ಮುಖದಲ್ಲಿ.

"ಇನ್ನು ಸ್ವಲ್ಪವೇ ಅಲ್ಲವೇನಪ್ಪ?" ಎಂದ ಸೆಟ್ಟಿ.

ಗಂಗಾಧರಪ್ಪ ಚೀರಿದ. ಕಾಲು ಜಾರಿತು. ಹಿಂದಕ್ಕೆ ಬಿದ್ದ. ನೀರು ಬಾಯಿಗೆ ನುಗ್ಗಿತು. ಯಾವುದೋ ಕೈ ಕೂದಲು ಹಿಡಿಯಿತು. ಒದ್ದ. ಕೊಸರಿದ. ಕೈ ಬಿಡಲಿಲ್ಲ.

ನಿಂಗಕ್ಕ ಅವನನ್ನು ಜುಟ್ಟು ಹಿಡಿದು ಹರಿಗೋಲಿಗೆ ಎಳೆದು ಹಾಕಿದ್ದಳು. ಅವಳು ಆಚೆ ದಡಕ್ಕೆ ಹುಟ್ಟು ಹಾಕಿದಳು. ಅವನು ನೆಲ ಕಂಡದ್ದೇ ಅಳುತ್ತಾ ಹಾರಿದ. ಕುರಿ ಮಂದೆ ನಿಂತಿದ್ದ ಗಟ್ಟಿ ನೆಲ. ಅವನ ಕಾಲಡಿಯಲ್ಲಿ ಅದು ನೀರಾಗಿ ಬಾಯಿಬಿಟ್ಟಿತು. ಮೊಣಕಾಲು, ಸೊಂಟ, ಎದೆ. ಪಕ್ಕದಲ್ಲೇ ಕುರಿಯೊಂದು ನಿಂತು ಹುಲ್ಲು ಮೇಯುತ್ತಿತ್ತು. ನಿಂಗಕ್ಕ ಎರಡನೆಯ ಸಲ ಅವನನ್ನು ಎಳೆದುಕೊಂಡಳು.

ಬಂಡೆಯ ಮೇಲೆ ಇಳಿಸಿ ನೋಡಿದರು. ಬಂಡೆ ನುಂಗಿತು. ಸುತ್ತಿ ಬಂದ ಓಬಯ್ಯನ ಗಾಡಿಗೆ ಹತ್ತಿಸಿ ನೋಡಿದರು. ಗಾಡಿಯೇ ಅಚ್ಚಿನವರೆಗೆ ಹೂತು, ಎತ್ತುಗಳು ಕಣ್ಣು ಹೊರಳಿಸಿದವು. ಹರಿಗೋಲಿನಲ್ಲಿ ಇಟ್ಟರೆ ಮಾತ್ರ ಏನೂ ಇಲ್ಲ. ಸೆಟ್ಟಿಯ ರೇವು ಮುಳುಗಿತು. ಗಂಗಾಧರಪ್ಪ ಹಿನ್ನೀರಿನ ಮೇಲೆ ಉಳಿದ. ಕಾಲು ನೆಂದು ಬಾತು ಬಿಳಿಚಿಕೊಂಡವು. ನಿಂಗಕ್ಕ ಮುದ್ದೆ ತಂದಿಟ್ಟು, "ಉಣ್ಣು ಮಗಾ, ನಮ್ಮೋರು ಹಿಂಗೇ ಬಾಳಿದ್ದು," ಎನ್ನುತ್ತಿದ್ದಳು. ಆ ಮಾತಿನಲ್ಲಿ ಕರುಣೆಯೆಷ್ಟು, ಚುಚ್ಚುವುದೆಷ್ಟು ಎಂದು ಅವನು ಅಳೆಯಲು ಹೋಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮೂರ್ತಪ್ಪ ಬಂದ. ಅಣೆಕಟ್ಟಿನ ಎಂಜಿನಿಯರು ಮೆಟ್ಟಿಲುಗಳನ್ನು ಕಣ್ಣಾರೆ ಕಂಡಿದ್ದರಂತೆ; ಈಗ ರೇವು ಮೂರ್ತಪ್ಪನಿಗೂ ಬೇಕಾಗಿತ್ತು. ಕೊಡೆ ಹಿಡಿದು ದಡದಲ್ಲಿ ನಿಂತ. ಹರಿಗೋಲು ಮಾತು ಕೇಳುವಷ್ಟು ದೂರದಲ್ಲಿ ತೇಲುತ್ತಿತ್ತು.

"ಇಳಿದು ಬಾರಯ್ಯ. ಏನಿದು ಹುಚ್ಚಾಟ?"

"ಇಳಿಯೋಕಾಗಲ್ಲ, ಸ್ವಾಮಿ."

"ಹಾಳಾಗಿ ಹೋಗು. ಕಲ್ಲು ಮುಳುಗಿತು, ಅಚ್ಚೂ ಹೋಯಿತು ಅಂತಾರೆ. ನೀನು ಓದಿದ್ದೆಯಲ್ಲ? ನೆನಪಿದೆಯೋ ಇಲ್ಲವೋ?"

"ಒಂದಕ್ಷರ ಮರೆತಿಲ್ಲ."

ಮೂರ್ತಪ್ಪನ ಮುಖ ಅರಳಿತು. ಜವಾನನ ಕೈಯಿಂದ ಕಾಗದ ಪೆನ್ಸಿಲು ತೆಗೆದುಕೊಂಡ. "ಹಾಗಿದ್ದರೆ ಅಲ್ಲಿಂದಲೇ ಹೇಳು, ಬರೆದುಕೊಳ್ತೇನೆ. ವರದಿಯಲ್ಲಿ ನಿನ್ನ ಹೆಸರೇ ಇರಲಿ. ಕೆಲಸ ಕಾಯಂ ಮಾಡಿಸ್ತೇನೆ, ಕೂತಲ್ಲಿಗೇ ಸಂಬಳ ಬರುತ್ತೆ. ಹೂಂ, ಮೊದಲ ಸಾಲು?"

ನಿಂಗಕ್ಕ ಹುಟ್ಟು ಎತ್ತಿ ಹಿಡಿದಳು. ಗಂಗಾಧರಪ್ಪನ ತುಟಿಯ ಮೇಲೆ ಆ ಸಾಲು ಇಡಿಯಾಗಿ ಬಂದು ನಿಂತಿತ್ತು, ಸಕಲ ಜನವೂ ಇಳಿದು ಏರಲೆಂದು. ಅವನು ಕಲ್ಲಿನ ಆ ಸುಳ್ಳನ್ನು ನುಂಗಿಕೊಂಡ.

"ಹೇಳಯ್ಯ!"

"ಇಳಿಯೋದು ನನ್ನಿಂದ ಆಗಲ್ಲ, ಸ್ವಾಮಿ. ಹೇಳೋದು ಆಗುತ್ತೆ," ಎಂದ ಗಂಗಾಧರಪ್ಪ. "ಹೇಳಲ್ಲ."