ಒಂದೇ ಕೈಗೆ ಒಗ್ಗುವ ರಿವಾಲ್ವರ್

ಪೊಟ್ಟಣ ಮನೆಗೆ ಬರಲಿಲ್ಲ. ಅದರ ಫೋಟೋ ಬಂತು.

ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಪರದೇಶದ ಹೌಗಾಂಗ್ ಬಡಾವಣೆಯ ಏಳನೇ ಮಹಡಿಯ ಒಂದು ಫ್ಲಾಟಿನೊಳಗೆ ಇಬ್ಬರು ಪೊಲೀಸ್ ಅಧಿಕಾರಿಗಳು ಬಂದು ಕೂತರು. ಅವರಲ್ಲಿ ಹೆಂಗಸು ಊಟದ ಮೇಜಿನ ಮೇಲೆ ಒಂದು ಫೋಟೋ ಇಟ್ಟಳು. ಬಿಚ್ಚಿದ ರಟ್ಟಿನ ಪೆಟ್ಟಿಗೆ. ಒಳಗೆ ಒಂದು ಪುಟ್ಟ ಕಪ್ಪು ರಿವಾಲ್ವರ್.

"ಇದನ್ನು ತರಿಸಿದ್ದು ನೀವೇನಾ?"

ವಿದ್ಯಾಶ್ರೀ ಫೋಟೋ ನೋಡಿದಳು. ಪೆಟ್ಟಿಗೆಯ ಮೇಲೆ ಅವಳದೇ ಹೆಸರು, ಅವಳದೇ ವಿಳಾಸ.

"ಗೊತ್ತಿಲ್ಲ," ಅಂದಳು.

ಹೆಂಗಸು ಪೆನ್ನು ಎತ್ತಿ ಹಿಡಿದು ಕಾದಳು. "ಇಲ್ಲ ಅಂತಲಾ? ನೆನಪಿಲ್ಲ ಅಂತಲಾ?"

"ಗೊತ್ತಿಲ್ಲ."

ರಿವಾಲ್ವರ್ ನಕಲಿ. ಗುಂಡು ಹಾರುವಂಥದ್ದಲ್ಲ. ಆದರೆ ಅಸಲಿ ಹಾರಿಸಿದವನ ಕೊರಳಿಗೆ ಹಗ್ಗ ಬೀಳುವ ದೇಶ ಇದು. ಇಲ್ಲಿ ನಕಲಿಯನ್ನೂ ಅನುಮತಿಯಿಲ್ಲದೆ ತರಿಸುವಂತಿಲ್ಲ. ವಿದೇಶದ ಅಂಗಡಿಯಿಂದ ಬಂದ ಪೊಟ್ಟಣವನ್ನು ತಪಾಸಣೆಯವರು ತೆರೆದಿದ್ದರು. ಆರ್ಡರ್ ಹೋಗಿದ್ದು ಈ ಮನೆಯ ಟ್ಯಾಬಿನಿಂದ, ವಿದ್ಯಾಶ್ರೀಯ ಖಾತೆಯಿಂದ. ದಿನಸಿಯಿಂದ ಹಿಡಿದು ಸೀರೆ ಪಿನ್ನಿನವರೆಗೆ ಮನೆಗೆ ಬೇಕಾದದ್ದನ್ನೆಲ್ಲ ಅವಳು ತರಿಸುತ್ತಿದ್ದುದು ಆ ಖಾತೆಯಿಂದಲೇ. ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳುತ್ತಿತ್ತು.

ಅಧಿಕಾರಿಗಳು ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಸೋಮವಾರ ಠಾಣೆಗೆ ಬಂದು ಹೇಳಿಕೆ ಕೊಡಬೇಕು ಅಂದರು.

ಗಂಡ ಆನಂದಕುಮಾರ ಬಾಗಿಲು ಹಾಕಿ ಬಂದು ಅವಳ ಪಕ್ಕ ಕೂತ. "ವಿದ್ಯಾ, ನೀನೇ ಮಾಡಿರ್ಬೇಕು. ಆ ನಿದ್ದೆ ಮಾತ್ರೆ ತಗೊಂಡ್ಮೇಲೆ ನಿಂಗೆ ಏನೂ ನೆನಪಿರಲ್ಲ."

ಇರಬಹುದು ಅನ್ನಿಸಿತು ಅವಳಿಗೆ. ಏನು ಹೇಳಿದರೂ ಇರಬಹುದು ಅನ್ನಿಸುವಂಥ ದಿನಗಳು ಅವು.

ಮೂರು ತಿಂಗಳ ಹಿಂದೆ, ಒಂದು ಮಂಗಳವಾರ ಮಧ್ಯಾಹ್ನ, ಏಸಿ ಸರ್ವೀಸಿನವನೆಂದು ಹೇಳಿಕೊಂಡು ಒಬ್ಬ ಬಂದಿದ್ದ. ಅವಳು ಆಗಷ್ಟೇ ಸ್ನಾನ ಮುಗಿಸಿದ್ದಳು. ಗಂಡ ಬೆಳಿಗ್ಗೆಯೇ ಆಫೀಸಿಗೆ ಹೋಗಿದ್ದ. ಬಾಗಿಲ ಹೊರಗಿನ ಕಂಬಿ ಗೇಟು ತೆಗೆದಳು. ಅವನ ಕೈಯಲ್ಲಿದ್ದುದು ಸ್ಕ್ರೂಡ್ರೈವರಲ್ಲ, ಚಾಕು. ಅವಳು ಓಡಿದ್ದು ಬಾಂಬ್ ಶೆಲ್ಟರಿನ ಕಡೆಗೆ. ಯುದ್ಧ ಬಂದರೆ ಅಡಗಲೆಂದು ಫ್ಲಾಟಿನೊಳಗೇ ಕಟ್ಟಿರುವ, ಜನ ಅಕ್ಕಿಮೂಟೆ, ಸೂಟ್‌ಕೇಸ್ ತುಂಬಿಡುವ, ಉಕ್ಕಿನ ಬಾಗಿಲಿನ ಪುಟ್ಟ ಕೋಣೆ ಅದು. ಬಾಗಿಲು ಎಳೆದಳು. ಬರಲಿಲ್ಲ. ಅಷ್ಟರಲ್ಲಿ ಅವನು ಅವಳ ಕೂದಲು ಹಿಡಿದಿದ್ದ. ತಾಳಿಸರ ಕಿತ್ತುಕೊಂಡು, ಅವಳನ್ನು ಅದೇ ಬಾಗಿಲಿಗೆ ಅಪ್ಪಳಿಸಿ ಹೋದ. ಎಡಭುಜ ಕೀಲು ತಪ್ಪಿತು. ಆ ಕೈಗೆ ಇನ್ನೂ ಬಲ ಬಂದಿರಲಿಲ್ಲ.

ಎರಡೇ ದಿನದಲ್ಲಿ ಕಳ್ಳ ಸಿಕ್ಕಿಬಿದ್ದ. ಸರವೂ ಸಿಕ್ಕಿತು. ಸಿಗದೇ ಹೋದದ್ದು ವಿದ್ಯಾಶ್ರೀ. ಕಾಕಿ ಬುಕಿತ್‌ನ ದಂತ ಲ್ಯಾಬಿನಲ್ಲಿ ಮೇಣದಿಂದ ಹಲ್ಲಿನ ಅಚ್ಚು ತಿದ್ದುತ್ತಿದ್ದವಳು ರಜೆ ಹಾಕಿ ಕೂತಳು. ಹಲ್ಲು ಕೀಳುವ ಮುಂಚೆ ಕೊಡುವ ಇಂಜೆಕ್ಷನ್ನನ್ನು ಇಡೀ ಮೈಗೆ ಕೊಟ್ಟ ಹಾಗಿತ್ತು. ಬಿಸಿ ಚಹಾ ಬಿಸಿಯೆಂದು ತಿಳಿಯುತ್ತಿರಲಿಲ್ಲ. ಅಳುವೂ ಬರುತ್ತಿರಲಿಲ್ಲ. ಅವಳನ್ನು ನೋಡಿಕೊಳ್ಳಲೆಂದು ಅತ್ತೆ ಅನ್ನಪೂರ್ಣವ್ವ ಗದಗಿನಿಂದ ಬಂದಿಳಿದಿದ್ದರು.

ಶನಿವಾರ ಮಧ್ಯಾಹ್ನ ವತ್ಸಲಾ ಬಂದರು.

ಐವತ್ತೈದರ ಹೆಂಗಸು, ಉಡುಪಿ ಕಡೆಯವರು. ಪರವಾನಗಿ ಪಡೆದ ಖಾಸಗಿ ಪತ್ತೇದಾರರು. ಅವರನ್ನು ಕಳಿಸಿದ್ದು ಆನಂದಕುಮಾರನ ವಕೀಲರು. ಕೆಲಸ ಸಣ್ಣದು: ಆಘಾತದಿಂದ ಮನಸ್ಸು ಕದಡಿದ ಹೆಂಗಸು ಹೆದರಿಕೆಯಲ್ಲಿ ತರಿಸಿದ್ದಾಳೆ ಎಂದು ತೋರಿಸುವ ಒಂದು ವರದಿ. ಅದರ ಜೊತೆಗೆ ವಿದ್ಯಾಶ್ರೀಯ ಸಹಿ ಇರುವ ತಪ್ಪೊಪ್ಪಿಗೆ.

"ಸೈನ್ ಮಾಡಿದ್ರೆ ವಾರ್ನಿಂಗ್ ಕೊಟ್ಟು ಬಿಡಬಹುದಂತೆ, ಮೇಡಂ," ಅಂದ ಆನಂದಕುಮಾರ. "ಇವಳ ಕಂಡೀಷನ್ ನೋಡಿದ್ರೆ ಯಾರಿಗಾದ್ರೂ ಪಾಪ ಅನ್ಸುತ್ತೆ."

"ಬಿಡದೆ ಹೋದ್ರೆ?"

"ಇಲ್ಲಿರೋ ಪಾಸ್ ಕ್ಯಾನ್ಸಲ್ ಆಗ್ಬಹುದು. ವಾಪಸ್ ಹೋಗ್ಬೇಕಾಗ್ಬಹುದು."

"ಇವರೊಬ್ಬರೇ?"

ಅವನು ತಪ್ಪೊಪ್ಪಿಗೆಯ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟ.

ವತ್ಸಲಾ ತಮ್ಮ ಚೀಲದಿಂದ ಬೇರೊಂದು ಹಾಳೆ ತೆಗೆದು ಬಿಡಿಸಿದರು. ಕೊಂಡವರು ಅಂಗಡಿಯವನಿಗೆ ಬರೆದಿದ್ದ ಸಂದೇಶಗಳು, ವಕೀಲರ ಮೂಲಕ ಸಿಕ್ಕಿದ್ದವು. ಮೂರೇ ಮೂರು. ಇಂಗ್ಲಿಷಿನಲ್ಲಿದ್ದವು. ಅವರು ಕನ್ನಡದಲ್ಲಿ ನಿಧಾನ ಹೇಳಿದರು.

"ಒಂದನೇದು—ಮನೆಯೊಳಗೆ ಕಳ್ಳ ನುಗ್ಗಿದರೆ ಯಾವುದು ಒಳ್ಳೇದು, ಪಿಸ್ತೂಲೋ ರಿವಾಲ್ವರೋ? ಎರಡನೇದು—ಅಸಲಿಯಂತೆ ಕಾಣಬೇಕು, ತೂಕವೂ ಇರಬೇಕು. ಮೂರನೇದು—ನಾನು ಎಡಗೈಯಲ್ಲಿ ಒಂದು ದಪ್ಪ ಬಾಗಿಲನ್ನು ಒಳಗಿನಿಂದ ಎಳೆದು ಹಿಡಿದಿರುತ್ತೇನೆ, ಹೊರಗೆ ಏನೂ ಕಾಣುವುದಿಲ್ಲ, ಬಲಗೈ ಒಂದಕ್ಕೇ ಒಗ್ಗುವಂಥದ್ದು ಕೊಡಿ." ಕನ್ನಡಕ ತೆಗೆದರು. "ಅದಕ್ಕೆ ಅಂಗಡಿಯವ ಈ ಪುಟ್ಟ ರಿವಾಲ್ವರ್ ಆರಿಸಿ ಕೊಟ್ಟ. ವಿದ್ಯಾಶ್ರೀ, ಬರೆದದ್ದು ನೀವಾ?"

"ಗೊತ್ತಿಲ್ಲ, ಮೇಡಂ."

"ಕಳ್ಳ ಜೈಲಲ್ಲಿದ್ದಾನೆ. ಇನ್ನೂ ಅವನ ಹೆದರಿಕೆ ಉಂಟಾ ನಿಮಗೆ?"

ವಿದ್ಯಾಶ್ರೀ ಯೋಚಿಸಿದಳು. "ಹೆದರಿಕೆ ಇಲ್ಲ. ಏನೂ ಇಲ್ಲ."

ಅನ್ನಪೂರ್ಣವ್ವ ಅಡುಗೆಮನೆಯಿಂದ ಚಹಾ ತಂದರು. ವತ್ಸಲಾ ಅವರನ್ನೂ ಬಿಡಲಿಲ್ಲ. "ಅಮ್ಮ, ಬಂದೂಕಿನ ಸುದ್ದಿ ನೀವೇ ಮೊದಲು ಎತ್ತಿದ್ದಂತೆ?"

"ಹೌದ್ರಿ, ಹೇಳೇನಿ. ನಮ್ಮೂರ ದೇಸಾಯರ ವಾಡೇದಾಗ ಇತ್ತು. ಮನ್ಯಾಗ ಒಂದ್ ಇದ್ರ ಧೈರ್ಯ ಅಂತ ನನ್ ಮಗ ಅಂದ. ಅದಕ್ಕ ನಾ ಅಂದೆ—ಯಪ್ಪಾ, ಕಳ್ಳ ಬಂದಾಗ ಬಂದೂಕ ಗ್ವಾಡೀಗೆ ಇತ್ತು, ದೇಸಾಯಿ ಹೊರಸಿನ ಕೆಳಗ ಇದ್ದ!"

"ಟ್ಯಾಬು ಮುಟ್ತೀರಾ?"

"ಅದರಾಗ ವಚನ ಹಚ್ಚಿ ಕೊಡ್ತಿದ್ಲು ಸೊಸಿ. ಇಂಗ್ಲಿಷ್ ನನಗೆಲ್ಲಿಂದ ಬರಬೇಕ್ರಿ?"

ಆನಂದಕುಮಾರ ನಗಲಿಲ್ಲ. ಲೋಟ ಎತ್ತಿದವನು ಕುಡಿಯದೆ ಕೆಳಗಿಟ್ಟ.

"ವಿದ್ಯಾಶ್ರೀ, ಅವತ್ತಿನದ್ದು ಒಮ್ಮೆ ಹೇಳಿ. ಶೆಲ್ಟರ್ ಬಾಗಿಲ ತನಕ ಬಂದ್ರಿ. ಆಮೇಲೆ?"

"ಎಳೆದೆ. ಬಾಗಿಲು ಹಿಡ್ಕೊಂಡಿತ್ತು. ಬರ್ಲಿಲ್ಲ."

"ಮುಂಚೆ ಹಾಗೆ ಆಗ್ತಿತ್ತಾ?"

"ಇಲ್ಲ."

ವತ್ಸಲಾ ಎದ್ದರು. ಮನೆಯ ಬಾಗಿಲುಗಳನ್ನು ಒಂದೊಂದಾಗಿ ತೆಗೆದು, ಮುಚ್ಚಿ ನೋಡಿದರು. ಅದೇ ಮಹಡಿಯ ತುದಿಯ ಮನೆಯ ಲಿಮ್ ಆಂಟಿಯನ್ನು ಮಾತಾಡಿಸಿ ಬರುತ್ತೇನೆಂದು ಹೊರಗೆ ಹೋದರು. ಅವತ್ತು ವಿದ್ಯಾಶ್ರೀ ಜೋತುಬಿದ್ದ ಕೈಯನ್ನು ಹಿಡಿದುಕೊಂಡು ಓಡಿದ್ದು ಅದೇ ಮನೆಗೆ.

ಇಪ್ಪತ್ತು ನಿಮಿಷ ಕಳೆಯಿತು. ಆನಂದಕುಮಾರ ತಪ್ಪೊಪ್ಪಿಗೆಯ ಹಾಳೆಯನ್ನು ಹೆಂಡತಿಯ ಮುಂದೆ ಸರಿಸಿದ. "ಸೈನ್ ಮಾಡಿಬಿಡು, ವಿದ್ಯಾ. ಮುಗಿಸೋಣ."

ಅವಳು ಪೆನ್ನು ತೆಗೆದುಕೊಂಡಳು. ಹೆಸರಿನ ಮೊದಲ ಅಕ್ಷರ ಬರೆದಳು.

"ತಡೀರಿ," ಅಂದರು ವತ್ಸಲಾ, ಬಾಗಿಲಲ್ಲಿ ಚಪ್ಪಲಿ ಬಿಡುತ್ತ.

ಒಳಗೆ ಬಂದವರು ಕೂರಲಿಲ್ಲ.

"ನನ್ನ ವರದಿ ಬೇರೆಯೇ ಆಗ್ತದೆ. ಹೇಳ್ತೇನೆ, ಕೇಳಿ. ಆ ಮೂರನೇ ಸಂದೇಶ ಎಲ್ಲರೂ ಓದಿದ್ದಾರೆ. ದಪ್ಪ ಬಾಗಿಲು ಅಂದ ಕೂಡಲೇ ಮುಂಬಾಗಿಲು ಅಂದ್ಕೊಂಡಿದ್ದಾರೆ. ಆದ್ರೆ ಅದ್ರಲ್ಲಿ ಒಂದು ಮಾತುಂಟು—ಎಳೆದು. ಒಳಗಿನಿಂದ ಎಳೆದು ಹಿಡಿದಿರುತ್ತೇನೆ, ಅಂತ."

"ಅದಕ್ಕೇನೀಗ?" ಅಂದ ಆನಂದಕುಮಾರ.

"ಈ ಮನೆಯ ಮುಂಬಾಗಿಲು ಒಳಕ್ಕೆ ತೆಗೀತದೆ. ಒಳಗಿದ್ದವರು ಅದನ್ನು ತಡೀಬೇಕಾದ್ರೆ ತಳ್ಳಿ ಹಿಡೀಬೇಕು. ಬೆಡ್‌ರೂಮ್ ಬಾಗಿಲೂ ಹಾಗೇ, ಬಾತ್‌ರೂಮೂ ಹಾಗೇ. ಹೊರಗಿನ ಗೇಟು ಎಳೆದು ಹಾಕುವಂಥದ್ದು, ಸರಿ. ಆದ್ರೆ ಅದು ಕಂಬಿಯದ್ದು, ಹೊರಗಿನದ್ದೆಲ್ಲ ಕಾಣ್ತದೆ. ಒಳಗೆ ನಿಂತು ಎಳೆದು ಹಿಡಿಯುವ ದಪ್ಪ ಬಾಗಿಲು ಈ ಮನೇಲಿ ಒಂದೇ."

ಶೆಲ್ಟರಿನ ಹತ್ತಿರ ಹೋಗಿ ಹಿಡಿಯನ್ನು ಎರಡು ಬೆರಳಲ್ಲಿ ಎಳೆದರು. ಉಕ್ಕಿನ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಒಳಗೆ ಸೂಟ್‌ಕೇಸುಗಳು, ಅಕ್ಕಿಯ ಚೀಲ, ಹಳೆಯ ಫೈಲುಗಳ ಡಬ್ಬ.

"ಈ ಬಾಗಿಲು ರಿಪೇರಿ ಮಾಡಿಸಿದ್ದು ಯಾರು?"

ಅನ್ನಪೂರ್ಣವ್ವ ಮಗನ ಕಡೆ ನೋಡಿದರು.

"ಯಾರೂ ಮಾಡಿಸಿಲ್ಲ, ಅಲ್ವಾ? ಯಾಕಂದ್ರೆ ಕೆಟ್ಟಿರಲೇ ಇಲ್ಲ. ವಿದ್ಯಾಶ್ರೀ, ಬಾಗಿಲು ಹಿಡ್ಕೊಂಡಿತ್ತು ಅಂದ್ರಿ ನೀವು. ಬಾಗಿಲು ಹಿಡ್ಕೊಂಡಿರ್ಲಿಲ್ಲ. ಬಾಗಿಲನ್ನ ಯಾರೋ ಹಿಡ್ಕೊಂಡಿದ್ರು."

ವಿದ್ಯಾಶ್ರೀಗೆ ಮಾತು ಕೇಳಿಸಿತು. ಅರ್ಥವೂ ಆಯಿತು. ಅದು ಎಲ್ಲಿಗೂ ತಾಗಲಿಲ್ಲ. ಬೇರೆ ಯಾರದೋ ಮನೆಯ ವಿಚಾರದ ಹಾಗೆ ಅವಳು ಕೇಳುತ್ತ ಕೂತಳು.

"ಸಂದೇಶ ಬರೆದದ್ದು ಇವರಲ್ಲ," ವತ್ಸಲಾ ಮುಂದುವರಿಸಿದರು. "ಎಡಗೈಯಲ್ಲಿ ಒಂದು ಲೋಟ ನೀರು ಎತ್ತಲಿಕ್ಕೆ ಆಗದವರು ಎಡಗೈಯಲ್ಲಿ ಉಕ್ಕಿನ ಬಾಗಿಲು ಎಳೆದು ಹಿಡೀತೇನೆ ಅಂತ ಬರೀತಾರಾ? ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ. ಕಳ್ಳ ಬಂದ ದಿನ ಅವರು ಈ ದೇಶದಲ್ಲೇ ಇರ್ಲಿಲ್ಲ. ಬಂದೂಕು ಆರಿಸುವವರು ತಾವು ಎಲ್ಲಿ ನಿಂತಿರ್ತೇವೆ ಅನ್ನೋದನ್ನ ಮೊದಲು ಕಣ್ಣಿಗೆ ತಂದುಕೊಳ್ತಾರೆ. ಆ ಕತ್ತಲಲ್ಲಿ, ಆ ಬಾಗಿಲು ಹಿಡಿದು, ಒಮ್ಮೆ ನಿಂತವರೇ ಹಾಗೆ ಬರೀಬಹುದು. ಆನಂದಕುಮಾರ್—ಅವತ್ತು ನೀವು ಮನೆಯಲ್ಲಿದ್ರಿ."

"ಏನ್ ಮಾತಾಡ್ತಿದ್ದೀರಿ? ನಾನು ಆಫೀಸಲ್ಲಿದ್ದೆ! ಕಲ್ಲಾಂಗಲ್ಲಿ! ಲಿಮ್ ಆಂಟಿ ಫೋನ್ ಮಾಡಿದ್ಮೇಲೆ ಬಂದೆ."

"ಎಷ್ಟು ಹೊತ್ತಿಗೆ?"

"ತಕ್ಷಣ. ಟ್ಯಾಕ್ಸೀಲಿ."

"ಲಿಮ್ ಆಂಟಿಯ ಫೋನಲ್ಲಿ ಅವತ್ತಿನ ಕಾಲ್‌ಗಳು ಇನ್ನೂ ಉಂಟು. ನಿಮಗೆ ಮಾಡಿದ್ದು ಎರಡು ನಲವತ್ತಕ್ಕೆ. ಆಂಬುಲೆನ್ಸಿಗೆ ದಾರಿ ಹೇಳ್ಲಿಕ್ಕೆ ಮತ್ತೆ ಮಾಡಿದ್ದು ಎರಡು ನಲವತ್ತಾರಕ್ಕೆ. ಆಗ ನೀವು ಅವರ ಸೋಫಾದಲ್ಲಿ ಹೆಂಡತಿಯನ್ನ ಹಿಡ್ಕೊಂಡು ಕೂತಿದ್ರಂತೆ. ಕಲ್ಲಾಂಗಿಂದ ಹೌಗಾಂಗಿಗೆ ಆರು ನಿಮಿಷದಲ್ಲಿ ಬರುವ ಟ್ಯಾಕ್ಸಿ ಯಾವುದು?"

ಆನಂದಕುಮಾರ ಶೆಲ್ಟರಿನ ತೆರೆದ ಬಾಗಿಲಿನ ಕಡೆ ನೋಡಿದ. ಆಮೇಲೆ ನೆಲದ ಮೇಲೆ ಕೂತ. ಅನ್ನಪೂರ್ಣವ್ವ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು.

"ಹಾಫ್ ಡೇ ಹಾಕಿದ್ದೆ," ಅಂದ ಕೊನೆಗೆ. "ಪಾಸ್‌ಪೋರ್ಟ್ ರಿನ್ಯೂವಲ್ಲಿಗೆ ಹಳೇ ಪೇಪರ್ ಬೇಕಿತ್ತು. ನಾನು ಒಳಗೆ ಬಂದಾಗ ಇವಳು ಸ್ನಾನಕ್ಕೆ ಹೋಗಿದ್ಲು. ಶೆಲ್ಟರಲ್ಲಿ ಫೈಲ್ ಹುಡುಕ್ತಿದ್ದೆ. ಅವನ ದನಿ ಕೇಳಿಸ್ತು. ಸಂದಿಯಿಂದ ಚಾಕು ಕಾಣಿಸ್ತು. ಬಾಗಿಲು ಎಳ್ಕೊಂಡೆ."

"ಆಮೇಲೆ?"

"ಎಲ್ಲಾ ಮುಗಿದು ಇವಳು ಲಿಮ್ ಆಂಟಿ ಮನೆಗೆ ಹೋದ್ಮೇಲೆ ಹೊರಗೆ ಬಂದೆ. ಮೆಟ್ಟಿಲು ಇಳೀತಿರೋವಾಗ ಫೋನ್ ಬಂತು. ಕೆಳಗೆ, ಕಟ್ಟಡದ ಅಡಿಯ ಖಾಲಿ ವಾಯ್ಡ್ ಡೆಕ್ಕಲ್ಲಿ ಒಂದು ನಾಲ್ಕು ನಿಮಿಷ ನಿಂತಿದ್ದು, ಲಿಫ್ಟಲ್ಲಿ ಮೇಲೆ ಬಂದೆ." ಅವನು ಮುಖ ಒರೆಸಿಕೊಂಡ. "ಅದಾದ್ಮೇಲೆ ಕಣ್ಣು ಮುಚ್ಚಿದ್ರೆ ಆ ಕೋಣೇಲಿ ನಿಂತಿರ್ತೀನಿ, ಮೇಡಂ. ಕೈಯಲ್ಲೊಂದು ಇದ್ದಿದ್ರೆ ಬಾಗಿಲು ತೆಗೀತಿದ್ದೆ. ನಕಲಿ ಆದ್ರೂ ಸರಿ, ತೋರಿಸಿದ್ರೆ ಸಾಕಿತ್ತು. ಖಾತೆ ಇವಳದ್ದು ಅಂತ ಬೇಕಂತ ಮಾಡಿದ್ದಲ್ಲ. ಪೊಲೀಸರು ಬಂದ್ಮೇಲೆ—"

"ಬಂದ್ಮೇಲೆ, ಇವರ ಹೆಸರಲ್ಲೇ ಇರ್ಲಿ ಅನ್ನಿಸ್ತು," ಅಂದರು ವತ್ಸಲಾ.

ಅವನು ಹೆಂಡತಿಯ ಕಡೆ ತಿರುಗಿದ. "ವಿದ್ಯಾ, ನಂಬು. ಬಾಗಿಲು ಎಳೀತಿರೋದು ಅವನೇ ಅಂದ್ಕೊಂಡೆ. ನೀನು ಅಂತ ಗೊತ್ತಿರ್ಲಿಲ್ಲ."

ವಿದ್ಯಾಶ್ರೀ ಪೆನ್ನು ಕೆಳಗಿಟ್ಟಳು. ಮದುವೆಯಾದಾಗಿನಿಂದ ಅವನನ್ನು ನೀವು ಎಂದೇ ಕರೆದವಳು.

"ನಾನು ಕೂಗಿದೆ," ಅಂದಳು. "ಪೊಲೀಸರಿಗೂ ಹೇಳಿಲ್ಲ ನಾನು ಅದನ್ನ, ಯಾರಿಗೂ ಹೇಳಿಲ್ಲ. ಏನಂತ ಕೂಗಿದೆ, ಹೇಳು."

ಫ್ಯಾನು ತಿರುಗುತ್ತಿತ್ತು. ಕೆಳಗಿನ ಆಟದ ಬಯಲಿನಿಂದ ಮಕ್ಕಳ ಗದ್ದಲ ಮೇಲೇರಿ ಬರುತ್ತಿತ್ತು. ಗೊತ್ತಿಲ್ಲ ಎಂದು ಅವನು ಹೇಳಬಹುದಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ.

"ಅವ್ವಾ, ಅಂತ," ಅಂದ ಆನಂದಕುಮಾರ. "ಎರಡು ಸಲ."

ಅನ್ನಪೂರ್ಣವ್ವ ಮಗನ ಹೆಗಲ ಮೇಲೆ ಇಟ್ಟಿದ್ದ ಕೈಯನ್ನು ತೆಗೆದುಬಿಟ್ಟರು.

ವತ್ಸಲಾ ಹಾಳೆಯನ್ನು ಹರಿಯಲಿಲ್ಲ. ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. "ಸೋಮವಾರದ ತನಕ ಕಾಯೋದು ಬೇಡ. ಈಗಲೇ ಠಾಣೆಗೆ ಹೋಗಿ ನೀವೇ ಹೇಳಿದ್ರೆ ನಿಮಗೂ ಒಳ್ಳೇದು. ನಾನು ಜೊತೆಗೆ ಬರ್ತೇನೆ."

ಅವನು ಎದ್ದ. ಶೂ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. ಹೊಸ್ತಿಲಲ್ಲಿ ನಿಂತು, "ನಾನು ವಾಪಸ್ ಬರೋವಾಗ ಇರ್ತೀಯಾ?" ಎಂದು ಕೇಳಿದ.

ವಿದ್ಯಾಶ್ರೀ ತನ್ನೊಳಗೆ ಹುಡುಕಿದಳು. ಸಿಟ್ಟು ಸಿಗಲಿಲ್ಲ. ಕನಿಕರವೂ ಸಿಗಲಿಲ್ಲ. ಆಮೇಲೆ ಲಿಫ್ಟು ಬಂತು.

ಅತ್ತೆ ಸೊಸೆ ಇಬ್ಬರೇ ಉಳಿದರು. ತಣ್ಣಗಾದ ಚಹಾದ ಲೋಟಗಳನ್ನು ಅನ್ನಪೂರ್ಣವ್ವ ಒಂದೊಂದಾಗಿ ಒಳಗೆ ಒಯ್ದರು. ನಲ್ಲಿ ಹರಿದ ಸದ್ದು. ನಿಂತಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಸೊಸೆಯ ಎದುರು ನೆಲದ ಮೇಲೆ ಕೂತರು. ಅವಳ ಮುಖ ನೋಡಲು ಅವರಿಂದ ಆಗಲಿಲ್ಲ.

"ನಿಮ್ಮವ್ವಗ ಫೋನ್ ಹಚ್ಚಲೇನು?"

"ಹಚ್ಚ್ರಿ."

ದೂರದ ಬಾಗಲಕೋಟೆಯಲ್ಲಿ ಫೋನು ನಾಲ್ಕು ಸಲ ರಿಂಗಾಯಿತು. ಆಮೇಲೆ ಏದುಸಿರು ಬಿಡುತ್ತ ಓಡಿ ಬಂದವರ ದನಿ. "ಯಾರು, ವಿದ್ಯಾನೇನು? ಯಾಕವ್ವಾ, ಇಷ್ಟೊತ್ತಿನಾಗ? ಉಂಡೀಯಿಲ್ಲೋ?"

ಅವಳು ಫೋನನ್ನು ಬಲಗಿವಿಗೆ ಒತ್ತಿಕೊಂಡಳು.

"ಅವ್ವಾ," ಅಂದಳು ವಿದ್ಯಾಶ್ರೀ, "ಅವತ್ತ ಅವರು ಮನ್ಯಾಗ ಇದ್ರು."